ಹಿಂದಿನ ಗೋಡೆ

ಅಕ್ಕನ ಹಾಸಿಗೆ ಖಾಲಿ ಮಾಡಿಸಬೇಕು ಎಂದು ದೊಡ್ಡ ಡಾಕ್ಟರು ಪೂರ್ತಿ ಹೇಳುವ ಮೊದಲೇ ಅವಳು ಆಗುವುದಿಲ್ಲ ಅಂದುಬಿಟ್ಟಿದ್ದಳು. ಅಂದ ಮೇಲೆ ತನ್ನ ದನಿ ತನಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿತು.

ದೊಡ್ಡ ಡಾಕ್ಟರು ಕನ್ನಡಕವನ್ನು ಹಣೆಗೆ ಏರಿಸಿದರು. ಒಳ್ಳೆಯ ಮನುಷ್ಯ. ಕೆಟ್ಟವರ ಜೊತೆ ಜಗಳವಾಡಬಹುದು, ಒಳ್ಳೆಯವರ ಜೊತೆ ಆಡುವುದು ಹೇಗೆ ಎಂಬುದು ಈ ಆಸ್ಪತ್ರೆಗೆ ಸೇರಿ ಇಷ್ಟು ವರ್ಷವಾದರೂ ಅವಳಿಗೆ ತಿಳಿದಿರಲಿಲ್ಲ.

"ಇದನ್ನ ತಂಗಿಯಾಗಿ ಹೇಳ್ತಿದೀರೋ, ಡಾಕ್ಟರಾಗಿ ಹೇಳ್ತಿದೀರೋ?"

"ಎರಡೂ ನಾನೇ ಸರ್."

"ಜ್ವರ ಇಳಿದಿದೆ. ಎದೆ ತಿಳಿಯಾಗಿದೆ. ಮನೆಗೆ ಕಳಿಸೋಕೆ ಇನ್ನೇನು ಬೇಕು?"

"ಮನೆ ಬೇಕು."

ಅದನ್ನು ಅವರು ತಮಾಷೆ ಎಂದುಕೊಂಡು ನಕ್ಕರು. ನಗು ಮುಗಿದ ಮೇಲೆ, ನಾವು ಶ್ವಾಸಕೋಶ ನೋಡುವವರು, ಗೋಡೆ ನೋಡುವವರಲ್ಲ ಎಂದು ಮೆಲ್ಲಗೆ ಹೇಳಿದರು. ಕಾರಿಡಾರಿನಲ್ಲಿ ಚಾಪೆಯ ಮೇಲೆ ಮಲಗಿದ್ದವರ ಕಡೆಗೆ ಕೈ ತೋರಿಸಿದರು. ಅವರಲ್ಲಿ ಅರ್ಧದಷ್ಟು ಜನ ಅವಳ ಕಾಲೋನಿಯವರೇ. ಸಂಜೆಯವರೆಗೆ ನಿಮ್ಮಕ್ಕ ಇರಲಿ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಮುಗಿಸಿದರು.

ಸಂಜೆಯವರೆಗೆ. ಸರಿ, ಅಷ್ಟು ಸಾಕು ಎಂದುಕೊಂಡಳು. ಮಾಡಲೇಬೇಕು ಎಂದು ಹೊರಟವರಿಗೆ ಒಂದು ಹಗಲು ಕಡಿಮೆಯಲ್ಲ. ಹಾಗೆ ಅಂದುಕೊಂಡಾಗ ಏನು ಮಾಡಬೇಕು ಎಂಬುದೇ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಅಕ್ಕ ಹಾಸಿಗೆಯ ಮೇಲೆ ಕಾಲು ಮಡಚಿ ಕುಳಿತು, ಬಟ್ಟೆಗಂಟನ್ನು ಆಗಲೇ ಕಟ್ಟಿಟ್ಟುಕೊಂಡಿದ್ದಳು. ಆಸ್ಪತ್ರೆ ಅವಳಿಗೆ ಈಗ ನೆಂಟರ ಮನೆಯ ಹಾಗೆ ಆಗಿಹೋಗಿತ್ತು. ಮಳೆ ಹಿಡಿದಾಗಿನಿಂದ ಬರುವುದು, ಹೋಗುವುದು, ಮತ್ತೆ ಬರುವುದು. ಹೋಗುವಾಗ ಎದೆ ಸ್ವಚ್ಛ. ಬರುವಾಗ ಎದೆಯೊಳಗೆ ಯಾರೋ ಬಾಗಿಲು ಎಳೆದ ಹಾಗೆ ಸದ್ದು. ಈ ಸಲವಂತೂ ತುಟಿ ನೀಲಿಯಾಗಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಬಂದಿದ್ದಳು. ಇನ್ನೊಂದು ಸಲ ಹೀಗೆ ಬಂದರೆ ತಿರುಗಿ ಹೋಗುವುದಿಲ್ಲ. ಇದು ತಂಗಿಯ ಭಯವಲ್ಲ, ಡಾಕ್ಟರ ಲೆಕ್ಕ. ಲೆಕ್ಕವಾದ್ದರಿಂದಲೇ ಅವಳಿಗೆ ಹೆಚ್ಚು ಭಯವಾಗುತ್ತಿತ್ತು.

"ಯಾಕೆ ಗುಬ್ಬಿ, ಮುಖ ಹಿಂಗೆ ಗಂಟು ಹಾಕ್ಕೊಂಡಿದೀಯ?" ಎಂದು ಅಕ್ಕ ಕೇಳಿದಳು.

ಗುಬ್ಬಿ. ವಾರ್ಡಿನಲ್ಲಿ ಆ ಹೆಸರು ಕೇಳಿದಾಗಲೆಲ್ಲ ಅವಳು ನರ್ಸಿನ ಕಡೆ ನೋಡುತ್ತಿದ್ದಳು. ಅಕ್ಕ ಗುಡ್ಡದ ಮಾತಿನಲ್ಲಿ ಕೇಳುತ್ತಿದ್ದಳು, ಇವಳು ಪೇಟೆಯ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ಗುಡ್ಡದ ಮಾತು ಮರೆತಿರಲಿಲ್ಲ. ಆದರೆ ಬಾಯಿಗೆ ಬರುವ ಹೊತ್ತಿಗೆ, ಹೊರಗೆ ಹೋಗುವ ಮುಂಚೆ ಕನ್ನಡಿ ನೋಡಿಕೊಳ್ಳುವವರ ಹಾಗೆ, ನಿಂತುಬಿಡುತ್ತಿತ್ತು.

ಪೇಟೆಯ ತನ್ನ ಮನೆಗೆ ಬಾ ಎಂದರೆ ಅಕ್ಕ ಒಲೆ ಬಿಟ್ಟು ಬರುವವಳಲ್ಲ. ಮನೆಯಲ್ಲಿ ಒಲೆ ಉರಿಸುವುದನ್ನು ಸ್ವಲ್ಪ ದಿನ ಬಿಡಲಾಗದೇ ಎಂದು ಅವಳು ಮತ್ತೆ ಕೇಳಿದಳು. ಕೇಳುವಾಗಲೇ ಗಿಳಿಪಾಠ ಒಪ್ಪಿಸಿದಂತೆ ನಾಚಿಕೆಯಾಯಿತು.

"ಆರಿಸಿದ್ರೆ ನೆಲ ಬೆವರುತ್ತೆ, ಮೂಳೆ ಹಿಡ್ಕೊಳ್ಳುತ್ತೆ. ಉರಿಸಿದ್ರೆ ಎದೆ ಹಿಡ್ಕೊಳ್ಳುತ್ತೆ. ಎರಡರಲ್ಲಿ ಯಾವುದು ಬೇಕೋ ನೀನೇ ಹೇಳು, ಓದಿದೋಳು." ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಬೆಂಕಿ ಇಲ್ಲದೆ ಹೊಗೆ ಆಡಲ್ಲ ಅಂತಾರಲ್ಲ, ನಮ್ಮನೇಲಿ ಬೆಂಕಿ ಆರಿದ ಮೇಲೂ ಆಡುತ್ತೆ ನೋಡು" ಅಂದಳು.

ಅದು ನಿಜ. ಗುಡ್ಡದ ಮೇಲಿದ್ದಾಗ ಮನೆಗೆ ಹುಲ್ಲಿನ ಮಾಡು. ಒಲೆಯ ಹೊಗೆ ಹುಲ್ಲಿನ ಸಂದಿಯಲ್ಲಿ ಸೋಸಿಕೊಂಡು ಹೊರಗೆ ಹೋಗುತ್ತಿತ್ತು. ಹೋಗುತ್ತಾ ಹುಲ್ಲನ್ನು ಒಣಗಿಸಿ, ಹುಳ ಓಡಿಸಿ, ತನ್ನ ಕೆಲಸ ಮುಗಿಸಿಯೇ ಹೋಗುತ್ತಿತ್ತು. ಅಣೆಕಟ್ಟಿನ ನೀರು ಗುಡ್ಡದ ಸೊಂಟಕ್ಕೆ ಬಂದಾಗ ಎಲ್ಲರನ್ನೂ ಇಳಿಸಿ ತಂದು, ಒಣಗಿದ ಕೆರೆಯ ಅಂಗಳದಲ್ಲಿ ಇಟ್ಟಿಗೆ ಗೋಡೆ, ಕಾಂಕ್ರೀಟು ಮಾಡಿನ ಸಾಲುಮನೆ ಕಟ್ಟಿಕೊಟ್ಟರು. ಪಕ್ಕಾ ಮನೆ. ಎಷ್ಟು ಪಕ್ಕಾ ಎಂದರೆ ಒಳಗೆ ಹೋದ ಹೊಗೆಗೂ ಅಲ್ಲಿಂದ ಏಳುವ ಮನಸ್ಸಾಗುವುದಿಲ್ಲ. ಎಡಕ್ಕೂ ಬಲಕ್ಕೂ ಪಕ್ಕದ ಮನೆಯ ಗೋಡೆ, ಮುಂದೆ ಬಾಗಿಲು. ಉಳಿದದ್ದು ಹಿಂದಿನ ಗೋಡೆ. ಅದರಲ್ಲಿ ಕಿಟಕಿ ಇಲ್ಲ.

ಕಿಟಕಿ ಇಲ್ಲ ಎಂದು ಅವಳಿಗೆ ಮೊದಲೂ ಗೊತ್ತಿತ್ತು. ಆದರೆ ಇವತ್ತು ಅದು ಬೇರೆ ರೀತಿ ಗೊತ್ತಾಯಿತು. ಇಷ್ಟು ದಿನ ತಾನು ಕೊಟ್ಟ ಗುಳಿಗೆಗಳೆಲ್ಲ ಒಂದು ಕಿಟಕಿಯ ಬದಲಿಗೆ ಕೊಟ್ಟದ್ದು ಅನ್ನಿಸಿತು.

"ಮನೆ ಬೀಗದ ಕೈ ಕೊಡು" ಅಂದಳು.

ಶಾಲು ತರಲು ಹೋಗುತ್ತಿದ್ದಾಳೆ ಎಂದುಕೊಂಡು ಅಕ್ಕ ಕೊಟ್ಟಳು. ಇನ್ನೊಂದು ಬೀಗದ ಕೈ ಪಕ್ಕದ ಮನೆಯ ಮುದುಕನ ಬಳಿ ಇದೆ, ದಿನಾ ಬಂದು ಒಲೆಗೆ ಕೊರಡು ಇಟ್ಟು ಹೋಗುತ್ತಿದ್ದಾನೆ, ಆರಿಸಬೇಡ ಎಂದು ಹೇಳಿದಳು. ಏನು ಮಾಡಲು ಹೊರಟಿದ್ದೇನೆಂದು ಅವಳು ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅಕ್ಕ ಬೇಡ ಅನ್ನುತ್ತಾಳೆ. ಮಾಡಿ ತೋರಿಸಿದರೆ ಸುಮ್ಮನಿರುತ್ತಾಳೆ. ತಂಗಿಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿ ಹಾಸ್ಟೆಲಿಗೆ ಬಿಟ್ಟು, ತಿರುಗಿ ನೋಡದೆ ಹತ್ತಿ ಹೋದವಳು. ಆಮೇಲೆ ತಂಗಿಯ ಓದಿಗೆಂದು ಬೇರೆಯವರ ಒಲೆಗಳ ಮುಂದೆಯೇ ಆಯುಷ್ಯ ಕಳೆದಳು. ಆ ಋಣ ಬೀಗದ ಕೈಯ ಜೊತೆ ಅಂಗೈಗೆ ಬಂದು ಕುಳಿತಿತು.

ವಸತಿ ಕಚೇರಿಯ ಇಂಜಿನಿಯರು ಎದ್ದು ನಿಂತು ಕುರ್ಚಿ ಕೊಟ್ಟರು. ನಿಮ್ಮನ್ನು ನೋಡಿದರೆ ನಮಗೆಲ್ಲ ಎಷ್ಟು ಹೆಮ್ಮೆ ಅಂದರು. ಈ ಮಾತಿಗೆ ಅವಳ ಬಳಿ ಒಂದು ಸಣ್ಣ ನಗೆ ಸದಾ ಸಿದ್ಧವಿರುತ್ತಿತ್ತು. ಆಸ್ಪತ್ರೆಯಲ್ಲಿ ಜೊತೆಯವರು, ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಎಂದು ಬೈದು, ತಕ್ಷಣ ಅವಳ ಕಡೆ ತಿರುಗಿ ನಿಮ್ಮನ್ನಲ್ಲ ಮೇಡಂ ಎನ್ನುವಾಗಲೂ ಅದೇ ನಗೆ. ಅಂಥ ದಿನ ಮನೆಗೆ ಹೋದ ಮೇಲೆ ಅವಳು ಜಡೆ ಬಿಚ್ಚಿ ಕೂದಲನ್ನು ಮೂಸಿ ನೋಡಿಕೊಳ್ಳುತ್ತಿದ್ದಳು. ಶಾಂಪೂ ವಾಸನೆಯೇ ಬರುತ್ತಿತ್ತು. ಬಂದದ್ದಕ್ಕೆ ಸಮಾಧಾನವೋ ಸಂಕಟವೋ ಅವಳು ಯೋಚಿಸಲು ಹೋಗುತ್ತಿರಲಿಲ್ಲ.

ಇವತ್ತು ಆ ನಗೆಯನ್ನು ಹೊರಗೆ ತೆಗೆಯಲಿಲ್ಲ. ನೇರವಾಗಿ ಕಿಟಕಿ ಕೇಳಿದಳು.

ಇಂಜಿನಿಯರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದವರು. ಕಿಟಕಿ ಇಲ್ಲ ಎಂದು ಹೇಳುವ ಹಾಗಿಲ್ಲ, ಎರಡನೇ ಹಂತದಲ್ಲಿದೆ. ಎರಡನೇ ಹಂತ ಯಾವಾಗ ಎಂದರೆ ಅದು ಮೊದಲನೇ ಹಂತ ಮುಗಿದಿದೆ ಎಂದು ಮೇಲಿನವರು ಒಪ್ಪಿದ ಮೇಲೆ. ಒಪ್ಪಿಲ್ಲವೇ ಎಂದರೆ, ಕಿಟಕಿ ಇಡದೆ ಹೇಗೆ ಒಪ್ಪುತ್ತಾರೆ. ಇದನ್ನೆಲ್ಲ ಅವರು ಬಹಳ ಮರ್ಯಾದೆಯಿಂದ ಹೇಳಿದರು. ಗೋಡೆಯ ಮೇಲೆ ಕಾಲೋನಿಯದೊಂದು ಬಣ್ಣದ ಚಿತ್ರ ಕಟ್ಟು ಹಾಕಿಸಿ ನೇತುಹಾಕಿದ್ದರು. ಅದರಲ್ಲಿ ಮರಗಳಿದ್ದವು, ಗಾಳಿಪಟ ಹಾರಿಸುವ ಮಕ್ಕಳಿದ್ದರು, ಸಾಲಿಗೂ ಸಾಲಿಗೂ ನಡುವೆ ಅಗಲವಾದ ಒಂದು ಓಣಿ ಇತ್ತು.

"ಇದು ಗಾಳಿಗೆ ಅಂತಲೇ ಬಿಟ್ಟಿರೋದು ಮೇಡಂ. ಮನೆ ಹಿಂದೇನೇ ಓಣಿ. ಕಿಟಕಿ ಬಂತು ಅಂದ್ರೆ ಗಾಳಿನೇ ಗಾಳಿ."

"ಹಾಗಾದ್ರೆ ನಾನೇ ಒಂದು ಇಡಿಸ್ತೀನಿ."

ಅವರ ಮುಖದ ಮರ್ಯಾದೆ ಸ್ವಲ್ಪ ಹಿಂದಕ್ಕೆ ಸರಿಯಿತು. ಇಲಾಖೆಯ ಗೋಡೆ ಮುಟ್ಟಿದರೆ ಮನೆಯ ಹಕ್ಕೇ ರದ್ದಾಗುತ್ತದೆ, ನಿಯಮ ಹಾಗಿದೆ, ನೀವು ತಿಳಿದವರು ಅಂದರು. ಗೋಡೆ ಇಲಾಖೆಯದು, ಗಾಳಿ ಯಾರದು ಎಂದು ಅವಳು ಕೇಳಿದಳು. ಅವರು ಟೀ ತರಿಸಲೇ ಎಂದರು.

ಬಾಗಿಲವರೆಗೆ ಬಂದು ಬೀಳ್ಕೊಡುತ್ತಾ, "ಒಂದು ಮಾತು ಮೇಡಂ, ತಪ್ಪು ತಿಳೀಬೇಡಿ. ನಿಮ್ಮ ಜನ ಬಾಯಿ ಬಿಟ್ಟು ಏನೂ ಕೇಳಲ್ಲ. ಕೇಳಿದ್ರೆ ತಾನೇ ಕೊಡೋದು?" ಅಂದರು.

ಈಗ ಕೇಳಿದೆನಲ್ಲ ಎಂಬ ಉತ್ತರ ಅವಳಿಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಹೊಳೆಯುವ ಹೊತ್ತಿಗೆ ಮೆಟ್ಟಿಲು ಮುಗಿದಿತ್ತು.

ಹಕ್ಕು ರದ್ದಾಗಲಿ. ಕೆಲಸಕ್ಕೆ ಕುತ್ತು ಬರಲಿ. ಸತ್ತವರಿಗೆ ಹಕ್ಕುಪತ್ರ ಕೊಟ್ಟು ಏನು ಪ್ರಯೋಜನ. ಮನಸ್ಸು ಒಂದು ಕಡೆ ನಿಂತ ಮೇಲೆ ಅವಳಿಗೆ ಹಸಿವಾಯಿತು, ಎಷ್ಟೋ ದಿನದ ಮೇಲೆ. ತಿನ್ನಲು ನಿಲ್ಲಲಿಲ್ಲ.

ಆಸ್ಪತ್ರೆಯ ಹಿತ್ತಲಲ್ಲಿ ಚರಂಡಿ ರಿಪೇರಿ ನಡೆದಿತ್ತು. ಗಾರೆ ಕೆಲಸದವನನ್ನು ಕರೆದು ಗೋಡೆ ಒಡೆದು ಒಂದು ಕಿಟಕಿ ಮಾಡಬೇಕು, ಈಗಲೇ ಬಾ ಅಂದಳು. ಯಾವ ಮನೆ ಎಂದು ಕೇಳಿ ತಿಳಿದ ಮೇಲೆ ಅವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡ. ಅಲ್ಲಿಗೆ ಬಂದರೆ ನಾಳೆಯಿಂದ ಯಾವ ಗುತ್ತಿಗೆದಾರನೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ ಅಂದ.

"ಸರಿ, ಹಾರೆ ಕೊಡು."

"ಹಾರೆ ಹಿಡಿಯೋ ಕೈಯಾ ಅಕ್ಕಾ ನಿಮ್ದು?"

ಅವಳು ಕೈ ಚಾಚಿದಳು. ಅವನು ಕೊಟ್ಟ. ಯಾರಾದರೂ ಕೇಳಿದರೆ ಕದ್ದುಕೊಂಡು ಹೋದರು ಅಂತೀನಿ ಎಂದು ನಕ್ಕ. ಹಾಗೇ ಹೇಳು ಅಂದಳು. ಅವಳ ಪುಟ್ಟ ಕಾರಿನಲ್ಲಿ ಹಾರೆ ಹಿಡಿಸಲಿಲ್ಲ, ತುದಿ ಕಿಟಕಿಯಿಂದ ಹೊರಗೆ ಬಂತು. ಸಿಗ್ನಲಿನಲ್ಲಿ ಪೊಲೀಸಿನವನು ಹಾರೆಯನ್ನೂ ಅವಳ ಕೊರಳಿನ ಸ್ಟೆತಾಸ್ಕೋಪನ್ನೂ ನೋಡಿ, ಯಾವುದಕ್ಕೆ ಮರ್ಯಾದೆ ಕೊಡಬೇಕೆಂದು ತಿಳಿಯದೆ, ಬಿಟ್ಟುಬಿಟ್ಟ.

ಕಾಲೋನಿಯ ಬೀದಿಯಲ್ಲಿ ಇಳಿದು ಹಾರೆಯನ್ನು ಹೆಗಲಿಗೆ ಹಾಕಿಕೊಂಡಳು. ಬೇರೆ ದಿನ ಕಾರಿನ ಸದ್ದು ಕೇಳಿದರೆ ಡಾಕ್ಟ್ರಮ್ಮ ಬಂದ್ರು ಎಂದು ಮಕ್ಕಳು ಮುತ್ತುತ್ತಿದ್ದವು. ಹೆಂಗಸರು ನೋವುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವರ ಹಾಗೆ ಒಂದೊಂದಾಗಿ ಬಿಚ್ಚುತ್ತಿದ್ದರು. ಇವತ್ತು ಯಾರೂ ತುಟಿ ತೆರೆಯಲಿಲ್ಲ. ಬಾಗಿಲುಗಳಲ್ಲಿ ನಿಂತು ಅವಳು ಹೋಗುವುದನ್ನು ನೋಡಿದರು. ಕಚೇರಿಯಿಂದ ಸುದ್ದಿ ಬಂದಿರಬೇಕು, ಹೆದರಿದ್ದಾರೆ ಎಂದು ಅವಳು ಭಾವಿಸಿದಳು. ಮನಸ್ಸು ಕಹಿಯಾಯಿತು.

ಬೀಗ ತೆಗೆದಳು. ಒಳಗೆ ಹಗಲೇ ಕತ್ತಲೆ. ಮುದುಕ ಇಟ್ಟ ಕೊರಡು ಒಲೆಯಲ್ಲಿ ಸುಮ್ಮನೆ ಹೊಗೆಯಾಡುತ್ತಿತ್ತು. ಮೂಗಿಗೆ ಬಡಿದ ಆ ವಾಸನೆ ಎಷ್ಟು ಹಳೆಯದೆಂದರೆ ಅವಳ ಕಣ್ಣಲ್ಲಿ ನೀರು ಬಂತು. ಬರೀ ಹೊಗೆಗೆ ಬಂದ ನೀರಲ್ಲ ಅದು. ಚಾಪೆ, ಮಡಕೆ, ಅಕ್ಕನ ಶಾಲು ಎಲ್ಲವನ್ನೂ ಒಂದು ಮೂಲೆಗೆ ಸರಿಸಿ, ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಚೌಕ ಬರೆದಳು. ಎದೆಯ ಎತ್ತರಕ್ಕೆ. ಅಕ್ಕ ಒಲೆಯ ಮುಂದೆ ಕುಳಿತರೆ ಮುಖದ ಮೇಲೆ ಗಾಳಿ ಬರುವ ಹಾಗೆ.

ಮೊದಲ ಏಟಿಗೆ ಗೋಡೆಗೆ ಏನೂ ಆಗಲಿಲ್ಲ, ಹೆಗಲು ನಡುಗಿತು. ಎರಡನೆಯದಕ್ಕೆ ಗಾರೆ ಸ್ವಲ್ಪ ಉದುರಿತು. ಹಾರೆಯನ್ನು ಎಲ್ಲಿ ಹಿಡಿಯಬೇಕೆಂದು ಕೈ ತಾನೇ ಹುಡುಕಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಏಟಿಗೂ ಉಸಿರಿಗೂ ಹೊಂದಿಕೆಯಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅವಳಿಗೆ ಒಳ್ಳೆಯದೆನಿಸಿತು. ಗುಳಿಗೆಯ ಹೆಸರು ಬರೆಯುವುದಕ್ಕಿಂತ ಇದು ಎಷ್ಟೋ ನೇರವಾದ ಚಿಕಿತ್ಸೆ.

ಬಾಗಿಲಿಗೆ ಜನ ಬಂದು ನಿಂತದ್ದು ಅವಳಿಗೆ ಬೆನ್ನಿನಿಂದಲೇ ಗೊತ್ತಾಯಿತು. ಒಳಗಿನ ಬೆಳಕು ಕಡಿಮೆಯಾಗಿತ್ತು. ತಿರುಗಿ ನೋಡಿದಳು. ಪಕ್ಕದ ಮನೆಯ ಮುದುಕ ಹೊಸ್ತಿಲ ಹೊರಗೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಅವನ ಹಿಂದೆ ಹೆಂಗಸರು. ಮುದುಕನ ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡಿತು. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಹಾರೆಯ ಮೇಲಿತ್ತು.

ಆಗ ಅವಳಿಗೆ ನೆನಪಾಯಿತು. ಗುಡ್ಡದಲ್ಲಿ ಕತ್ತಿಯೋ ಹಾರೆಯೋ ಹಿಡಿದು ಕೆಲಸಕ್ಕೆ ನಿಂತವರನ್ನು ಯಾರೂ ಮಾತಾಡಿಸುವುದಿಲ್ಲ. ಜೇನಿಗೆಂದು ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿದವನನ್ನು ಕರೆದರೆ ಅವನು ತಿರುಗುತ್ತಾನೆ, ತಿರುಗಿದರೆ ಬೀಳುತ್ತಾನೆ. ಹಾಗೆ ಬಿದ್ದವರ ನೆನಪಿನಿಂದ ಹುಟ್ಟಿದ ಮರ್ಯಾದೆ ಅದು. ಮನೆಗೆ ಬೆಂಕಿ ಬಿದ್ದರೂ ಕಾಯುತ್ತಾರೆ. ಕೈಯಲ್ಲಿದ್ದದ್ದನ್ನು ಅವರಾಗಿಯೇ ನೆಲಕ್ಕೆ ಇಟ್ಟ ಮೇಲೆಯೇ ಮಾತು.

ಅವಳ ಕಣ್ಣು ಮತ್ತೆ ತುಂಬಿತು. ಹೆದರಿಕೆಯಲ್ಲ ಇದು, ಮರ್ಯಾದೆ. ಇಷ್ಟು ವರ್ಷದಲ್ಲಿ ಈ ಜನ ಮೊದಲ ಸಲ ಅವಳನ್ನು ಡಾಕ್ಟ್ರಮ್ಮ ಎಂದು ನೋಡುತ್ತಿಲ್ಲ, ತಮ್ಮಲ್ಲೊಬ್ಬಳು ಕೆಲಸಕ್ಕೆ ನಿಂತಿದ್ದಾಳೆ ಎಂದು ನೋಡುತ್ತಿದ್ದಾರೆ. ತನ್ನವರ ನಡುವೆ ತಾನು ಇದ್ದೇನೆ ಎಂಬುದು ಮೈಗೆ ಬಿಸಿಯಾಗಿ ಹತ್ತಿತು. ಹಾರೆ ಎತ್ತಿದಳು. ಈಗಿನ ಏಟಿನಲ್ಲಿ ಸಿಟ್ಟಿರಲಿಲ್ಲ, ಸಡಗರವಿತ್ತು.

ಬಾಗಿಲಲ್ಲಿದ್ದ ಒಬ್ಬ ಹೆಂಗಸು ಸೆರಗು ಎತ್ತಿ ಸಿಕ್ಕಿಸಿಕೊಂಡು, ಸಾಲಿನ ತುದಿಯ ಕಡೆಗೆ ಓಡಿದಳು. ಇನ್ನಷ್ಟು ಜನರನ್ನು ಕರೆಯಲು ಹೋದಳು ಎಂದು ಅವಳು ಅಂದುಕೊಂಡಳು. ಬರಲಿ, ಎಲ್ಲರೂ ನೋಡಲಿ. ನಾಳೆ ಪ್ರತಿ ಮನೆಯಲ್ಲೂ ಒಂದೊಂದು ಹಾರೆ ಏಳಲಿ. ಎಷ್ಟು ಹಕ್ಕು ರದ್ದು ಮಾಡುತ್ತಾರೋ ಮಾಡಲಿ.

ಒಂದು ಇಟ್ಟಿಗೆ ಅಲುಗಾಡಿತು. ಅದರ ಸಂದಿಗೆ ಮೊನೆ ಸಿಕ್ಕಿಸಿ ಮೀಟಿದಳು. ಇಟ್ಟಿಗೆ ಆಚೆಗೆ ಜಾರಿತು. ಬಿದ್ದ ಸದ್ದು ಓಣಿಯ ಮಣ್ಣಿನ ಮೇಲೆ ಬಿದ್ದ ಹಾಗಿರಲಿಲ್ಲ, ನೆಲದ ಮೇಲೆ ಬಿದ್ದ ಹಾಗಿತ್ತು. ಅದನ್ನು ಅವಳು ಕೇಳಿಸಿಕೊಂಡಳು, ಆದರೆ ನಿಲ್ಲಲಿಲ್ಲ. ಇನ್ನೊಂದು ಇಟ್ಟಿಗೆ. ಮತ್ತೊಂದು. ತೂತು ತಲೆ ತೂರಿಸುವಷ್ಟು ದೊಡ್ಡದಾಯಿತು. ಬೆಳಕು ಬರಲಿಲ್ಲ.

ಬಗ್ಗಿ ನೋಡಿದಳು.

ಓಣಿ ಇರಲಿಲ್ಲ. ಎರಡು ಸಾಲಿಗೂ ಸೇರಿ ಒಂದೇ ಗೋಡೆ ಕಟ್ಟಿದ್ದರು. ಆಚೆ ಬೀದಿಯ ಮನೆಯ ಒಳಗನ್ನು ಅವಳು ನೋಡುತ್ತಿದ್ದಳು. ಅಳತೆಯಲ್ಲಿ, ಕತ್ತಲೆಯಲ್ಲಿ ಇದೇ ಮನೆ. ಒಲೆಯೂ ಇದೇ ಕಡೆ ಗೋಡೆಗೆ ಒತ್ತಿಕೊಂಡು ಉರಿಯುತ್ತಿತ್ತು. ಬೀದಿಯ ಬಾಗಿಲಲ್ಲಿ, ಸಾಲಿನ ತುದಿ ಸುತ್ತಿ ಈಗಷ್ಟೇ ಓಡಿ ಬಂದಿದ್ದ ಅದೇ ಹೆಂಗಸು ಏದುಸಿರು ಬಿಡುತ್ತಾ ನಿಂತಿದ್ದಳು. ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ದೂರ ಇಟ್ಟಿದ್ದರು. ಹಾಸಿಗೆಯನ್ನು ಸುತ್ತಿ ಒತ್ತರಿಸಿದ್ದರು. ಇಟ್ಟಿಗೆ ಬೀಳುವ ಜಾಗವನ್ನು ಬಿಟ್ಟು, ಆಚೆ ಮೂಲೆಯಲ್ಲಿ ಬಾಣಂತಿಯೊಬ್ಬಳು ಕೂಸಿನ ಮುಖಕ್ಕೆ ಬಟ್ಟೆ ಮರೆಮಾಡಿಕೊಂಡು, ಗೋಡೆ ಇನ್ನೆಷ್ಟು ಒಡೆಯುತ್ತದೆಂದು ಕಾಯುತ್ತಾ ಕುಳಿತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಕೇಳಬೇಕಾದ ಒಂದು ಮಾತಿತ್ತು. ಅವಳ ನೋಟವೂ ಹಾರೆಯ ಮೇಲಿತ್ತು.

ಆಚೆಯ ಒಲೆಯ ಹೊಗೆ ತೂತಿನ ಹತ್ತಿರ ಬಂದು ಒಂದು ಗಳಿಗೆ ತಡೆಯಿತು. ಆಮೇಲೆ ದಾರಿ ಗೊತ್ತಾದ ಹಾಗೆ ಈಚೆಗೆ ಇಳಿಯತೊಡಗಿತು. ಈಚೆಯದು ಎದ್ದು ಆಚೆಗೆ ಹೋಯಿತು. ಕೂಸು ಕೆಮ್ಮಿತು.

ಬೆನ್ನ ಹಿಂದೆ ಮುದುಕ, ಹೆಂಗಸರು, ಮಕ್ಕಳು. ಮುಂದೆ ಬಾಣಂತಿ. ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಮೊದಲಿನಿಂದ ಗೊತ್ತಿದ್ದ ಮಾತು, ಅವಳಿಗೆ ಹೇಳಬೇಕಾದ ಮಾತು, ಎಲ್ಲರ ಬಾಯಲ್ಲೂ ಸಿದ್ಧವಾಗಿತ್ತು. ಅವಳು ಹಾರೆಯನ್ನು ನೆಲಕ್ಕೆ ಇಡುವುದಷ್ಟೇ ಬಾಕಿ.

ಬೊಬ್ಬೆ ಒಡೆದ ಅಂಗೈ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಹೊರಗೆ ಬಿಸಿಲು ಓರೆಯಾಗಿತ್ತು. ಅತ್ತ ಆಸ್ಪತ್ರೆಯಲ್ಲಿ ಅಕ್ಕ ಬಟ್ಟೆಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿರಬೇಕು. ಮುದುಕ ತಾಳ್ಮೆಯಿಂದ ಕಾಲು ಬದಲಿಸಿ ಕುಳಿತ. ಅವರೆಲ್ಲ ರಾತ್ರಿಯವರೆಗೂ ಕಾಯಬಲ್ಲರು ಎಂಬುದು ಅವಳಿಗೆ ತಿಳಿಯಿತು.

ಇಟ್ಟರೆ ಆ ಮಾತು ಕೇಳಲೇಬೇಕು. ಅವಳು ಹಾರೆಯನ್ನು ಮತ್ತೆ ಎತ್ತಿದಳು.